ದಾಯಾದಿ ಫೋನುಗಳು

ಕಗ್ಗಲಿಕೊಪ್ಪಲಿನ ಜವರಪ್ಪ ಮತ್ತು ಕಂಠಪ್ಪ ಎಂಬ ಅಣ್ಣತಮ್ಮಂದಿರು ಭಾಗವಾದಾಗ, ಊರಿನ ಯಜಮಾನರಾದ ಗುರುಮಲ್ಲಪ್ಪನವರು ಹೊಲ, ಮನೆ, ಹಸು, ಒರಳುಕಲ್ಲು ಎಲ್ಲವನ್ನೂ ಹಂಚಿ, ತೀರಿಹೋದ ಅಪ್ಪನ ಊರುಗೋಲನ್ನೂ ಬಿಡದೆ, ಕೋಲು ಅಣ್ಣನಿಗೆ, ಅದರ ತುದಿಯ ಹಿತ್ತಾಳೆ ಬಳೆ ತಮ್ಮನಿಗೆ ಎಂದು ತೀರ್ಪು ಕೊಟ್ಟಿದ್ದರು. ಹಂಚಲಾಗದೆ ಉಳಿದದ್ದು ಬ್ಯಾರನ್ನು ಒಂದೇ. ಹೊಗೆಸೊಪ್ಪು ಬೇಯಿಸುವ ಆ ಎತ್ತರದ ಮನೆಯನ್ನು ಸೀಳಿದರೆ ಎರಡು ಬ್ಯಾರನ್ನು ಆಗುವುದಿಲ್ಲ, ನಾಲ್ಕು ಗೋಡೆ ಬಿದ್ದ ಒಂದು ತಿಪ್ಪೆ ಆಗುತ್ತದೆ. ಆದರೂ ನ್ಯಾಯ ನ್ಯಾಯವೇ. ಗುರುಮಲ್ಲಪ್ಪನವರು ಹಗ್ಗ ಹಿಡಿಸಿ ಬ್ಯಾರನ್ನಿನ ನಡುಮಧ್ಯಕ್ಕೇ ಗಡಿ ಎಳೆಸಿದರು. ಬಾಗಿಲು ಜವರಪ್ಪನ ಕಡೆಗೆ ಬಿತ್ತು. ಒಲೆಯ ಬಾಯಿ ಕಂಠಪ್ಪನ ಕಡೆಗೆ ಬಿತ್ತು.

“ಇನ್ಮ್ಯಾಕೆ ನೀವಿಬ್ರೂ ಕೂಡಿದ್ರೇನೇ ಸೊಪ್ಪು ಬೇಯೋದು ಕಣ್ರಪ್ಪಾ,” ಎಂದರು ಯಜಮಾನರು. ಊರು ಇದನ್ನು ಮಹಾ ವಿವೇಕವೆಂದು ಕೊಂಡಾಡಿತು. ಕೂಡದಿದ್ದರೆ ಯಾರ ಸೊಪ್ಪು ಕೊಳೆಯುತ್ತದೆ ಎಂದು ಆ ದಿನ ಯಾರೂ ಕೇಳಲಿಲ್ಲ. ಕೇಳಬೇಕಾದವರಿಗೆ ಆ ಸಭೆಯಲ್ಲಿ ಜಾಗವಿರಲಿಲ್ಲ.

ಕಂಠಪ್ಪ ಕೆಟ್ಟವನಲ್ಲ. ಅವನಿಗಿದ್ದದ್ದು ಒಂದೇ ಕಾಯಿಲೆ. ಅಣ್ಣನ ಹತ್ತಿರ ಇದ್ದದ್ದು ತನ್ನ ಹತ್ತಿರವೂ ಇರಬೇಕು, ಆದರೆ ಅದೇ ಆಗಿರಬಾರದು. ಅಣ್ಣ ಮನೆಗೆ ಹಸಿರು ಬಣ್ಣ ಹೊಡೆಸಿದರೆ ಇವನು ಗುಲಾಬಿ ಹೊಡೆಸುತ್ತಿದ್ದ. ಅಣ್ಣ ಹಾಲಿನ ಸೊಸೈಟಿಯ ಅಧ್ಯಕ್ಷನಾದ ದಿನದಿಂದ ಇವನು ಡೇರಿಗೆ ಹಾಲು ಹಾಕುವುದನ್ನೇ ನಿಲ್ಲಿಸಿ, ಮನೆಯಲ್ಲಿ ಎಲ್ಲರಿಗೂ ಮೂರು ಹೊತ್ತು ಮೊಸರು ತಿನ್ನಿಸಿದ್ದ. ಹೆಂಡತಿ ಸುನಂದಮ್ಮ ಮಾತ್ರ, “ನಿಮ್ಮಣ್ಣ ಬಾವಿಗೆ ಬಿದ್ರೆ ನೀವು ಬೋರ್‌ವೆಲ್‌ಗೆ ಬೀಳ್ತೀರಿ,” ಎನ್ನುತ್ತಿದ್ದಳು. ಇಂಥ ಕಂಠಪ್ಪನ ಕಿವಿಗೆ ಒಂದು ದಿನ, ಅಣ್ಣ ಪಿರಿಯಾಪಟ್ಟಣಕ್ಕೆ ಹೋಗಿ ಝೆಂಟಾ ಎಂಬ ಕಂಪನಿಯ ಫೋನು ತಂದಿದ್ದಾನೆ ಎಂಬ ಸುದ್ದಿ ಬಿತ್ತು. ಮರುದಿನದ ಮೊದಲ ಬಸ್ಸಿಗೆ ಕಂಠಪ್ಪ ಪಿರಿಯಾಪಟ್ಟಣದಲ್ಲಿದ್ದ.

ಅಲ್ಲಿ ಗೌರೀಶನೆಂಬವನ ಫೋನಂಗಡಿಗೆ ಎರಡು ಬಾಗಿಲು, ಎರಡು ಬೋರ್ಡು. ಒಂದು ಬಾಗಿಲ ಮೇಲೆ ನೀಲಿ ಬೋರ್ಡು, ಝೆಂಟಾ. ಇನ್ನೊಂದರ ಮೇಲೆ ಕಿತ್ತಳೆ ಬೋರ್ಡು, ಟಿಯೋರಾ. ಎರಡು ಕಂಪನಿಗಳಿಗೂ ಹಾವು ಮುಂಗುಸಿಯ ವೈರ. ಒಬ್ಬರ ಮಾಲು ಇಟ್ಟ ಅಂಗಡಿಯಲ್ಲಿ ಇನ್ನೊಬ್ಬರ ಮಾಲು ಇಡಕೂಡದೆಂದು ಕರಾರು. ಆದ್ದರಿಂದ ಗೌರೀಶ ನಡುವೆ ಒಂದು ಪ್ಲೈವುಡ್ ಹಲಗೆ ನಿಲ್ಲಿಸಿ, ನೀಲಿ ಕಡೆ ನೀಲಿ ಟೋಪಿ, ಕಿತ್ತಳೆ ಕಡೆ ಕಿತ್ತಳೆ ಟೋಪಿ ಹಾಕಿಕೊಂಡು ವ್ಯಾಪಾರ ಮಾಡುತ್ತಿದ್ದ. ಹಿಂದಿನ ಕೋಣೆ ಮಾತ್ರ ಒಂದೇ. ಕಂಪನಿಗಳ ಘೋರ ಸ್ಪರ್ಧೆಯೆಲ್ಲ ಬೀದಿಗೆ ಕಾಣುವ ಕಡೆ ನಡೆಯುತ್ತದೆ, ಹಿಂದಿನ ಕೋಣೆಯಲ್ಲಿ ಗೋಡೆಯಿರುವುದಿಲ್ಲ ಎಂಬುದನ್ನು ದಪ್ಪ ಪುಸ್ತಕಗಳು ಬಹಳ ಕಷ್ಟಪಟ್ಟು ವಿವರಿಸುತ್ತವೆ. ಗೌರೀಶ ಅದನ್ನು ಒಂದು ಹಲಗೆಯಿಂದ ವಿವರಿಸಿದ್ದ.

“ನಮ್ಮಣ್ಣ ತಗೊಂಡೋದ ಫೋನಿಗೆ ಎದುರಾಳಿ ಯಾವ್ದದೆ ಅದ್ ಕೊಡು,” ಎಂದ ಕಂಠಪ್ಪ, ನೀಲಿ ಬಾಗಿಲಲ್ಲಿ ನಿಂತು.

“ಅಂಗಾದ್ರೆ ಆ ಬಾಗಿಲಿಗೆ ಬನ್ನಿ ಅಣ್ಣ.” ಗೌರೀಶ ಒಳಗಿನಿಂದಲೇ ದಾಟಿ, ಟೋಪಿ ಬದಲಿಸಿ, ಕಿತ್ತಳೆ ಬಾಗಿಲಲ್ಲಿ ಕೈಮುಗಿದ. “ಬನ್ನಿ ಅಣ್ಣ, ಟಿಯೋರಾಕ್ಕೆ ಸ್ವಾಗತ. ಆ ಕಡೆಯೋರ ಮಾತು ನಂಬ್ಬೇಡಿ.”

“ಅವ್ನು ನಿನ್ನಂಗೇ ಅವ್ನಲ್ಲಾ?”

“ನಾನೇ ಕಣಣ್ಣ. ಆ ಕಡೆ ಇದ್ದಾಗ ಹೇಳಿದ್ದು ನಂಬ್ಬೇಡಿ.”

ಫೋನು ಹೊರಬಂತು. ಕಂಠಪ್ಪ ಅದನ್ನು ಹಸುವಿನ ಹಲ್ಲು ನೋಡುವಂತೆ ತಿರುಗಿಸಿ ನೋಡಿ, ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದ.

“ಒಳಗೆ ಆಂಡ್ರಾಯ್ಡ್ ಅಂತ ಒಂದದೆ. ಫೋನನ್ನ ನಡ್ಸೋದು ಅದೇಯ. ಅದು ಎರಡಕ್ಕೂ ಒಂದೇ. ಮ್ಯಾಲಿನ ಅಂಗಿ ಮಾತ್ರ ಬ್ಯಾರೆ.”

“ಅಂದ್ರೆ ಮೂಲ ಒಂದೇ, ಜಗಳ ಮಾತ್ರ ಬ್ಯಾರೆ. ದಾಯಾದಿಗಳು ಅನ್ನು!”

“ಅಂಗೇ ಅಂದ್ಕಳಿ. ಮೇಲ್ ಐಡಿ ಅದ್ಯಾ ನಿಮ್ದು?”

ಇಲ್ಲ ಎನ್ನುವುದು ಕಂಠಪ್ಪನ ವಂಶದಲ್ಲಿಲ್ಲ. “ನಮ್ಮಣ್ಣಂದು ಏನದೆ?” ಎಂದ.

“ಅವ್ರದೂ ಇರ್ನಿಲ್ಲ, ನಾನೇ ಒಂದು ಹಾಕ್ಕೊಟ್ಟೆ.”

“ಅಂಗಾದ್ರೆ ನನಗೂ ಹಾಕು. ಅವ್ನಿಗೆ ಹಾಕಿದ್ದಕ್ಕಿಂತ ಕಡಿಮೆದು ಹಾಕ್ಬೇಡ.”

“ಕಡಿಮೆ ಇಲ್ಲ, ಒಂದೇ ತೂಕದ್ದು,” ಎಂದು ಗೌರೀಶ ಪ್ರಾಮಾಣಿಕವಾಗಿಯೇ ಹೇಳಿದ.

ಊರಿಗೆ ಬಂದ ಕಂಠಪ್ಪ ಫೋನು ತೆರೆದು ನೋಡಿದರೆ ಅದರ ತುಂಬ ಆಗಲೇ ಚಿತ್ರಗಳು. ಯಾವುದೋ ಎಮ್ಮೆ, ಯಾರದೋ ನಾಮಕರಣ, ಒಂದು ಟ್ರ್ಯಾಕ್ಟರಿನ ಚಕ್ರ. ಹೊಸ ಪರ್ಸು ಕೊಂಡರೆ ಒಳಗೆ ಸಿನಿಮಾ ನಟಿಯ ಚಿತ್ರ ಇಟ್ಟುಕೊಡುತ್ತಾರಲ್ಲ, ಹಾಗೇ ಕಂಪನಿಯವರು ಇಟ್ಟದ್ದು ಎಂದುಕೊಂಡ. ಎಮ್ಮೆ ಗುರುಮಲ್ಲಪ್ಪನವರ ಎಮ್ಮೆಯನ್ನೇ ಹೋಲುತ್ತಿತ್ತು. ಇಷ್ಟು ದೊಡ್ಡ ಕಂಪನಿಗೆ ನಮ್ಮ ಸೀಮೆಯ ಎಮ್ಮೆಯ ಮೇಲೆ ಗೌರವವಿದೆಯಲ್ಲ ಎಂದು ಅವನ ಎದೆ ಉಬ್ಬಿತು.

ಶ್ರಾವಣದ ಶನಿವಾರ ಎದೆ ಉಬ್ಬುವುದು ನಿಂತಿತು. ಜವರಪ್ಪ ಶ್ರಾವಣವಿಡೀ ಮಾಂಸ, ಮೀನಿನ ಕವುಚು ಮುಟ್ಟುವವನಲ್ಲ. ಮುಟ್ಟುವವರನ್ನು ಕಂಡರೆ ಅರಳಿಕಟ್ಟೆಯ ಮೇಲೆ ನಿಂತು ಉಪದೇಶ ಮಾಡುವವನು. ಆ ಮಧ್ಯಾಹ್ನ ಕಂಠಪ್ಪನ ಫೋನಿನಲ್ಲಿ ತಾನೇ ತಾನಾಗಿ ಒಂದು ಚಿತ್ರ ಮೂಡಿತು. ಭೇರ್ಯದ ಬೀಗರ ಮನೆಯ ಹಿತ್ತಲು, ಬಾಳೆ ಎಲೆ, ಎಲೆಯ ಮೇಲೆ ಮುದ್ದೆ, ಮುದ್ದೆಯ ಪಕ್ಕದಲ್ಲಿ ನಾಟಿಕೋಳಿಯ ತೊಡೆ, ತೊಡೆಯ ಹಿಂದೆ ಹಣೆಗೆ ಮೂರು ಬೆರಳ ನಾಮ ಇಟ್ಟುಕೊಂಡ ಅಣ್ಣನ ಮುಖ.

“ನೋಡೇ ಸುನಂದಾ, ನಮ್ ಫೋನು ಅಣ್ಣನ ಗುಟ್ಟೆಲ್ಲಾ ಹಿಡ್ಕಂಡ್ ಬತ್ತಾ ಅದೆ!”

“ಅದ್ಯಾಕ್ ತತ್ತದೆ?”

“ದಾಯಾದಿ ಅಲ್ವೇನೇ? ದಾಯಾದಿ ಮನೇಲಿ ಏನ್ ಬೇಯ್ತದೆ ಅಂತ ದಾಯಾದಿಗೆ ಗೊತ್ತಾಗ್ದೆ ಇರ್ತದಾ?”

ಅವನು ಆ ಕ್ಷಣವೇ, ಫೋನಿನ ಹೆಸರುಪಟ್ಟಿಯಲ್ಲಿ ‘ಅಣ್ಣ’ ಎಂದಿದ್ದುದನ್ನು ಅಳಿಸಿ ‘ಹೊಟ್ಟೆಬಾಕ’ ಎಂದು ಬರೆದುಕೊಂಡ. ಹೊತ್ತಿಳಿದ ಮೇಲೆ ಬೀಗರ ಮನೆಯಿಂದ ಬಂದ ಜವರಪ್ಪ ಅತ್ತ ಗೋಡೆಯಾಚೆ ತನ್ನ ಫೋನು ತೆರೆದರೆ, ತನ್ನದೇ ನಂಬರಿನ ಎದುರು ‘ಹೊಟ್ಟೆಬಾಕ’ ಎಂದಿತ್ತು. ಅವನು ತಿದ್ದಿ ‘ಅಧ್ಯಕ್ಷರು’ ಎಂದು ಬರೆದ. ಇತ್ತ ಕಂಠಪ್ಪನ ಫೋನಿನಲ್ಲಿ ಹೊಟ್ಟೆಬಾಕನು ಅಧ್ಯಕ್ಷರಾದ. ಕಂಠಪ್ಪ ‘ಕೋಳಿಕಳ್ಳ ಅಧ್ಯಕ್ಷರು’ ಮಾಡಿದ. ಜವರಪ್ಪ ಅದನ್ನು ಹೊಡೆದುಹಾಕಿ, ತಮ್ಮನ ನಂಬರಿನ ಎದುರು ‘ಹುಚ್ಚುಮುಂಡೇದು’ ಎಂದು ಬರೆದ. ಹೀಗೆ ಒಂದು ಗೋಡೆಯ ಎರಡು ಕಡೆ ಕುಳಿತು, ಒಬ್ಬರ ಮುಖ ಒಬ್ಬರು ನೋಡದೆ, ಒಂದೇ ಒಂದು ಮಾತಾಡದೆ, ಅಣ್ಣತಮ್ಮಂದಿರು ಮಲಗುವ ಹೊತ್ತಿನವರೆಗೆ ಬೈದಾಡಿದರು. ಅವರ ಅಪ್ಪನ ಕಾಲದಲ್ಲಿ ಇಷ್ಟು ಜಗಳಕ್ಕೆ ಬೀದಿ ಬೇಕಿತ್ತು, ಗಂಟಲು ಬೇಕಿತ್ತು. ವಿಜ್ಞಾನ ಮುಂದುವರಿದಿದೆ.

ಜವರಪ್ಪನ ಕೈಗೆ ನಿಜವಾದ ಆಯುಧ ಸಿಕ್ಕಿದ್ದು ಮರುದಿನ. ಸೊಸೈಟಿಯ ಚುನಾವಣೆಗೆ ಅಣ್ಣನ ಎದುರು ನಿಲ್ಲಬೇಕೆಂದು ಕಂಠಪ್ಪ ಗುಟ್ಟಾಗಿ ಯೋಚಿಸಿದ್ದ. ಗೆದ್ದ ಮೇಲೆ ಮಾಡಬೇಕಾದ ಭಾಷಣವನ್ನು ಕೊಟ್ಟಿಗೆಯಲ್ಲಿ, ಹಾರ ಹಾಕಿಕೊಂಡು, ಹಸುವಿನ ಎದುರು ನಿಂತು ಮಾಡಿ, ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ. ಆ ವಿಡಿಯೋ ಝೆಂಟಾಕ್ಕೆ ಹೋಯಿತು. ಜವರಪ್ಪ ಅದನ್ನು ಹೆಂಡತಿಗೆ ತೋರಿಸಿದ. ಅಂದು ಅಣ್ಣನ ಮನೆಯಿಂದ ಕೇಳಿಬಂದ ನಗುವಿಗೆ ತಮ್ಮನ ಕೊಟ್ಟಿಗೆಯ ಹಸು ಹಗ್ಗ ಕಿತ್ತಿತು. ಆ ನಗುವಿನ ನಡುವೆ ತನ್ನದೇ ಭಾಷಣ ಕಂಠಪ್ಪನಿಗೂ ಕೇಳಿಸಿತು.

ಇನ್ನು ಸುಮ್ಮನಿರುವುದು ಮರ್ಯಾದೆಯಲ್ಲವೆಂದು ಕಂಠಪ್ಪ ಉಪಠಾಣೆಗೆ ಹೋದ. ಅಲ್ಲಿ ಹೆಡ್ ಕಾನ್ಸ್‌ಟೇಬಲ್ ಗುರುಸ್ವಾಮಿ ಒಬ್ಬರೇ ಇದ್ದರು. ಕಗ್ಗಲಿಕೊಪ್ಪಲಿನಲ್ಲೇ ಬಾಡಿಗೆಗಿದ್ದ ಮನುಷ್ಯ, ಊರಿನ ನಾಯಿಗಳ ಹೆಸರೂ ಗೊತ್ತಿದ್ದವರು.

“ಏನ್ ಕಳುವಾಯ್ತು?”

“ವಿಡಿಯೋ ಸಾರ್.”

“ಈಗ ಅದು ಎಲ್ಲದೆ?”

“ಅಣ್ಣನ ಫೋನಲ್ಲಿ.”

“ನಿನ್ ಫೋನಲ್ಲಿ ಇಲ್ವಾ?”

“ನನ್ ಫೋನಲ್ಲೂ ಅದೆ.”

ಗುರುಸ್ವಾಮಿ ಪೆನ್ನು ಕೆಳಗಿಟ್ಟರು. “ಕಂಠಪ್ಪಾ, ಕಳುವು ಅಂದ್ರೆ ನಿನ್ ಹತ್ರ ಇರಬಾರದು ಕಣಯ್ಯ. ಹಸು ಕಳುವಾಯ್ತು ಅಂತ ಬಂದು, ಹಸು ಕೊಟ್ಟಿಗೇಲೇ ಅದೆ ಅಂದ್ರೆ ನಾನ್ ಯಾರನ್ನ ಹಿಡೀಲಿ?”

“ಹಸು ಎರಡೂ ಕಡೆ ಅದೆ ಸಾರ್!”

“ಅಂಗಾದ್ರೆ ಕಳುವಲ್ಲ, ಕರು ಹಾಕ್ಯದೆ. ನಡಿ, ನಡಿ.” ಎಂದವರು ಏಕೋ ಬಾಗಿಲವರೆಗೆ ಬಂದು, ದನಿ ತಗ್ಗಿಸಿ, “ಭಾಷಣ ಪರವಾಗಿಲ್ಲ ಬುಡು,” ಎಂದರು. ಯಾವ ಭಾಷಣ, ಇವರಿಗೆ ಹೇಗೆ ಗೊತ್ತು ಎಂದು ಕೇಳುವಷ್ಟು ಬುದ್ಧಿ ಕಂಠಪ್ಪನಿಗೆ ಆಗ ಹೊಳೆಯಲಿಲ್ಲ.

ಠಾಣೆಯಿಂದ ನ್ಯಾಯ ಸಿಗದವನು ಏನು ಮಾಡುತ್ತಾನೆ? ತನ್ನ ಕೈಲಿರುವುದಕ್ಕೆ ಬೀಗ ಹಾಕುತ್ತಾನೆ. ಕಂಠಪ್ಪ ನೆಟ್ಟಗೆ ಹೊಲಕ್ಕೆ ಹೋಗಿ, ಬ್ಯಾರನ್ನಿನ ಒಲೆಯ ಕಬ್ಬಿಣದ ಬಾಯಿ ಮುಚ್ಚಿ, ಚಿಲಕ ಎಳೆದು ಬೀಗ ಜಡಿದ. ಸುದ್ದಿ ತಿಳಿದ ಜವರಪ್ಪ ಓಡಿ ಬಂದು ತನ್ನ ಕಡೆಯ ಬಾಗಿಲಿಗೆ ಅದಕ್ಕಿಂತ ದೊಡ್ಡ ಬೀಗ ಜಡಿದ. ಇಬ್ಬರೂ ಕೀಲಿಗಳನ್ನು ಉಡಿದಾರಕ್ಕೆ ಕಟ್ಟಿಕೊಂಡು, ಎದೆಯುಬ್ಬಿಸಿ, ಬೇರೆ ಬೇರೆ ದಾರಿಯಲ್ಲಿ ಮನೆಗೆ ಹೋದರು.

ಬ್ಯಾರನ್ನಿನೊಳಗೆ ಸೊಪ್ಪಿತ್ತು. ಅಣ್ಣನದಲ್ಲ, ತಮ್ಮನದಲ್ಲ. ಮರಮ್ಮನದು.

ಮರಮ್ಮ ಕೇರಿಯ ಹೆಂಗಸು. ಮುಂಗಾರಿನಿಂದ ಈ ಎರಡೂ ಮನೆಗಳ ಸೊಪ್ಪನ್ನು ಮುರಿದು ತಂದು, ಕಡ್ಡಿಗೆ ಪೋಣಿಸಿ, ಬ್ಯಾರನ್ನಿಗೆ ಏರಿಸಿದವಳು ಅವಳೇ. ಅದಕ್ಕೆ ಕೂಲಿ ಬೇಡ, ಬದಲಿಗೆ ತಾನು ಗುತ್ತಿಗೆಯ ಅರ್ಧ ಎಕರೆಯಲ್ಲಿ ಬೆಳೆದ ಸೊಪ್ಪನ್ನು ಒಂದು ಸಲ ಬೇಯಿಸಿಕೊಳ್ಳಲು ಬ್ಯಾರನ್ನು ಬಿಟ್ಟುಕೊಡಬೇಕು ಎಂಬುದು ಮಾತು. ಆ ಒಂದು ಲೋಡೇ ಅವಳ ವರ್ಷ. ಸೊಪ್ಪು ಆಗತಾನೇ ಹಳದಿಗೆ ತಿರುಗುತ್ತಿತ್ತು. ಆ ಹದದಲ್ಲಿ ಒಲೆ ಆರಿದರೆ ಹಳದಿ ಹೋಗಿ ಕಪ್ಪಾಗುತ್ತದೆ, ಕಪ್ಪಾದ ಸೊಪ್ಪನ್ನು ಹರಾಜಿನಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ. ಇದು ತಿಳಿಯದವರು ಆ ಊರಿನಲ್ಲಿ ಯಾರೂ ಇರಲಿಲ್ಲ. ತಿಳಿದೇ ಬೀಗ ಹಾಕಿದ್ದರು.

ಮರಮ್ಮ ಮೊದಲು ಜವರಪ್ಪನ ಜಗಲಿಗೆ ಹೋದಳು.

“ಗೌಡ್ರೆ, ನನ್ ಸೊಪ್ಪು ಒಳಗದೆ.”

“ನಾನ್ ಬೇಡ ಅಂದ್ನಾ? ಅವ್ನು ಒಲೆ ತಗೀಲಿ, ನಾನ್ ಬಾಗ್ಲು ತಗೀತೀನಿ.”

ಕಂಠಪ್ಪನ ಜಗಲಿಗೆ ಹೋದಳು.

“ಅವ್ನು ಬಾಗ್ಲು ತಗೀಲಿ, ನಾನ್ ಒಲೆ ತಗೀತೀನಿ. ನಿನ್ ಮ್ಯಾಲೆ ನನಗೇನೂ ಇಲ್ಲ ಕಣವ್ವ. ಇದು ತತ್ವದ ಪ್ರಶ್ನೆ.”

“ನಿಮ್ ಫೋನು ಫೋನು ಕಚ್ಚಾಡಿದ್ರೆ ನನ್ ಸೊಪ್ಪು ಯಾಕಪ್ಪ ಸಾಯ್ಬೇಕು?”

ಒಳಗಿನಿಂದ ಸುನಂದಮ್ಮ, “ಕೀ ಕೊಡ್ರೀ ಅವ್ಳಿಗೆ! ನಿಮ್ ತತ್ವ ಮುದ್ದೆ ಜೊತೆ ನೆಂಚ್ಕಳಕ್ಕೂ ಆಗಾಕಿಲ್ಲ!” ಎಂದು ಕೂಗಿದಳು. ಕಂಠಪ್ಪ ಉಡಿದಾರವನ್ನು ಬಿಗಿಯಾಗಿ ಹಿಡಿದುಕೊಂಡ.

ಅಷ್ಟು ಹೊತ್ತಿಗೆ ಊರು ಎರಡಾಗಿತ್ತು. ಟಿಯೋರಾದವರು ಅರಳಿಕಟ್ಟೆಯ ಬಲಕ್ಕೆ, ಝೆಂಟಾದವರು ಎಡಕ್ಕೆ ಕೂರತೊಡಗಿದರು. ಒಂದು ಕಂಪನಿಯ ಮಾಲಿಕ ಯಾವ ದೇಶದವನೆಂದು ಗೊತ್ತಿಲ್ಲದವರು ಅವನ ಮರ್ಯಾದೆಗಾಗಿ ತೊಡೆ ತಟ್ಟಿದರು. ಹತ್ತಿರದ ಸಂಬಂಧಿಕರೇ ಬೇರೆ ಬಣ್ಣದ ಫೋನಿದ್ದವರ ಮನೆಯಲ್ಲಿ ಚಾರ್ಜರ್ ಕೇಳುವುದನ್ನು ಬಿಟ್ಟರು. ಕೊನೆಗೆ ಬೀಗ ಬಿದ್ದ ಮರುದಿನ ಬೆಳಿಗ್ಗೆ ಗುರುಮಲ್ಲಪ್ಪನವರು ಚಾವಡಿಯಲ್ಲಿ ನ್ಯಾಯ ಸೇರಿಸಿದರು. ಪಿರಿಯಾಪಟ್ಟಣದಿಂದ ಗೌರೀಶನನ್ನು ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ತರಲಾಯಿತು. ಯಾವ ಟೋಪಿ ಹಾಕಿಕೊಳ್ಳಬೇಕೆಂದು ತಿಳಿಯದೆ ಅವನು ಬರಿದಲೆಯಲ್ಲಿ ಬಂದಿದ್ದ.

ಚಾವಡಿಗೆ ಮೂರು ಮೆಟ್ಟಿಲು. ಮರಮ್ಮ ಮೆಟ್ಟಿಲ ಕೆಳಗೆ ನಿಂತಿದ್ದಳು. ಅಲ್ಲಿಗಿಂತ ಮೇಲೆ ನಿಲ್ಲಬಾರದೆಂದು ಬೋರ್ಡು ಹಾಕಿಲ್ಲ. ಬೋರ್ಡಿನ ಅಗತ್ಯ ಬಿದ್ದಿಲ್ಲ.

“ಯಜಮಾನ್ರೆ, ನ್ಯಾಯ ಆಮ್ಯಾಕೆ ಮಾಡಿ. ಮೊದ್ಲು ಕೀ ಕೊಡ್ಸಿ,” ಎಂದಳು.

“ಇರವ್ವ. ನ್ಯಾಯ ಅಂದ್ಮೇಲೆ ಕ್ರಮ ಅಂತ ಒಂದದೆ,” ಎಂದರು ಗುರುಮಲ್ಲಪ್ಪ. ಕ್ರಮದ ಪ್ರಕಾರ ಮೊದಲು ಎಲೆಯಡಿಕೆ ಆಯಿತು.

ಜವರಪ್ಪ ಎದ್ದು ನಿಂತ. “ಇವ್ನ ಯೋಗ್ಯತೆ ಕೇಳಿ. ಕೊಟ್ಟಿಗೇಲಿ ಹಾರ ಹಾಕ್ಕಂಡು ಹಸೀನ್ ಮುಂದೆ ಭಾಷಣ ಮಾಡವ್ನೆ. ಏನಂತ? ‘ಸನ್ಮಾನ್ಯ ಸದಸ್ಯರೇ, ಹಾಲು ಎಂಬುದು ಬರೀ ಬಿಳಿ ನೀರಲ್ಲ...’”

“‘...ಅದು ನಮ್ಮ ರೈತನ ಬೆವರಿನ ತಮ್ಮ!’” ಎಂದು ಎಡಗಡೆ ಕುಳಿತಿದ್ದವನೊಬ್ಬ ಮುಂದಿನ ಸಾಲು ಹೇಳಿಬಿಟ್ಟ.

ಜವರಪ್ಪ ನಿಧಾನವಾಗಿ ತಿರುಗಿದ.

“ನಿಂಗೆ ಎಂಗ್ಲಾ ಗೊತ್ತು?”

ಅವನು ಜೇಬು ಮುಚ್ಚಿಕೊಂಡ. “ನನ್ ಫೋನಿಗೂ ಬಂದಿತ್ತು. ನಾನು... ನನಗೊಬ್ಬನಿಗೇ ಬತ್ತದೆ ಅಂದ್ಕಂಡಿದ್ದೆ.”

“ನಿನಗೊಬ್ಬನಿಗೇನಾ?” ಎಂದ ಬಲಗಡೆಯವನು. “ನಂಗೂ ಬತ್ತದಲ್ಲ! ನಿನ್ ಹೊಸ ಹಲ್ಲಿನ ಸೆಟ್ಟು ನೀರಲ್ಲಿ ನೆನೆ ಹಾಕಿದ್ದು, ಎಲ್ಲಾ ಬತ್ತದೆ!”

ಹಲ್ಲಿನ ಸೆಟ್ಟಿನವನು ಬಾಯಿ ಮುಚ್ಚಿಕೊಂಡ. ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಒಂದು ವರ್ಷದಿಂದ ಊರಿನಲ್ಲಿ ಎಲ್ಲರೂ ಎಲ್ಲರ ಮನೆಯೊಳಗನ್ನೂ ನೋಡುತ್ತಿದ್ದರು. ಈ ವರ ತನ್ನೊಬ್ಬನ ಫೋನಿಗೆ ಮಾತ್ರ ದೇವರು ಕೊಟ್ಟದ್ದೆಂದು ನಂಬಿ, ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು ಸವಿಯುತ್ತಿದ್ದರು. ಜವರಪ್ಪ, ಕಂಠಪ್ಪ ಇಬ್ಬರು ಮಾತ್ರ ಫೋನು ಹೊಸದಾದ್ದರಿಂದ ಕೂಗಾಡಿ ಸಿಕ್ಕಿಬಿದ್ದಿದ್ದರು.

“ಗೌರೀಶ!” ಗುರುಮಲ್ಲಪ್ಪನವರು ಎಲೆಯಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಏನಪ್ಪಾ ಇದು?”

ಗೌರೀಶ ತಲೆ ಕೆರೆದುಕೊಂಡ. “ಯಾರಿಗೂ ಮೇಲ್ ಐಡಿ ಇರ್ನಿಲ್ಲ ಯಜಮಾನ್ರೆ. ಒಬ್ಬೊಬ್ರಿಗೂ ಒಂದೊಂದು ಮಾಡ್ಕೊಟ್ರೆ ಪಾಸ್‌ವರ್ಡ್ ಮರೆತು ಬಂದು ನನ್ ತಲೆ ತಿಂತಾರೆ. ಅದ್ಕೆ ಊರಿಗೊಂದು ಖಾತೆ ಮಾಡ್ಬುಟ್ಟೆ. ಟಿಯೋರಾ ಆಗ್ಲಿ ಝೆಂಟಾ ಆಗ್ಲಿ, ಒಳಗಿರೋದು ಒಂದೇ ಆದ್ರಿಂದ ಖಾತೆ ಎರಡರಲ್ಲೂ ನಡೀತದೆ. ಒಬ್ರು ತೆಗ್ದ ಚಿತ್ರ ಎಲ್ರಿಗೂ ಹೋಯ್ತದೆ, ಒಬ್ರು ತಿದ್ದಿದ್ದು ಎಲ್ರದ್ರಲ್ಲೂ ತಿದ್ದೋಯ್ತದೆ. ಒಬ್ರು ಅಳಿಸಿದ್ರೆ ಎಲ್ರದೂ ಅಳಿಸೋಯ್ತದೆ. ಜಾಗ ತುಂಬ್ದಾಗ ತಿಂಗಳ ಬಾಡಿಗೆ ನಾನೇ ಕಟ್ತಾ ಇವ್ನಿ, ಅದ್ನೂ ಯಾರೂ ಕೇಳ್ನಿಲ್ಲ.”

ಆಗ ಗುರುಮಲ್ಲಪ್ಪನವರ ಮುಖ ನೋಡಬೇಕಿತ್ತು. ಅವರು ಮನೆಯ ಬಾಗಿಲು ಹಾಕಿಕೊಂಡು, ಮೈಸೂರು ಪೇಟ ಸುತ್ತಿಕೊಂಡು, ಶಾಲು ಹೊದ್ದು, ತಾವೇ ಕೊಂಡ ಹಾರ ಹಾಕಿಕೊಂಡು, ಮುಂದೆಂದಾದರೂ ಆಗಬಹುದಾದ ತಮ್ಮ ಸನ್ಮಾನದ ಬ್ಯಾನರಿಗೆಂದು ಬಗೆಬಗೆಯ ಭಂಗಿಯಲ್ಲಿ ತೆಗೆದುಕೊಂಡ ಚಿತ್ರಗಳು ಊರಿನ ಪ್ರತಿ ಜೇಬಿನಲ್ಲೂ ಇದ್ದವು. ಗುಂಪಿನ ಹಿಂದೆ ನಿಂತಿದ್ದ ಹೆಡ್ ಕಾನ್ಸ್‌ಟೇಬಲ್ ಗುರುಸ್ವಾಮಿ, ಜೂಜಿನ ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡ ತಮ್ಮ ಚಿತ್ರವನ್ನು ನೆನೆದು ಟೋಪಿ ಕೆಳಗೆಳೆದುಕೊಂಡರು.

“ಯಜಮಾನ್ರೆ,” ಎಂದಳು ಕೆಳಗಿನಿಂದ ಮರಮ್ಮ. “ಎಲ್ಲಾ ಗೊತ್ತಾಯ್ತಲ್ಲ. ಯಾರೂ ಯಾರದ್ನೂ ಕದ್ದಿಲ್ಲ. ಇನ್ನಾದ್ರೂ ಕೀ ಕೊಡ್ಸಿ.”

ಯಾರಿಗೂ ಕೇಳಿಸಲಿಲ್ಲ. ಎಲ್ಲರ ತಲೆಯೂ ತಗ್ಗಿತ್ತು. ಅಳಿಸುವ ಕೆಲಸ ಶುರುವಾಗಿತ್ತು. ಗುರುಮಲ್ಲಪ್ಪನವರು ತಮ್ಮ ಪೇಟಗಳನ್ನು ಅಳಿಸಿದರು. ಗುರುಸ್ವಾಮಿ ಹುಂಜವನ್ನು ಅಳಿಸಿದರು. ಹಲ್ಲಿನ ಸೆಟ್ಟು ಹೋಯಿತು, ನಾಟಿಕೋಳಿಯ ತೊಡೆ ಹೋಯಿತು, ಕೊಟ್ಟಿಗೆಯ ಭಾಷಣ ಹೋಯಿತು. ಯಾವುದು ತನ್ನದೋ ಯಾವುದು ಇನ್ನೊಬ್ಬರದೋ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ; ಸಿಕ್ಕಿದ್ದನ್ನೆಲ್ಲ ಅಳಿಸಿದರು. ನಾಮಕರಣ, ಎಮ್ಮೆ, ಟ್ರ್ಯಾಕ್ಟರಿನ ಚಕ್ರ ಎಲ್ಲವೂ ಹೋದವು. “ಲೇ, ನನ್ ಮಗಳ ಮದ್ವೆ ಫೋಟೋ ಅಳಿಸ್ಬುಟ್ಯಲ್ಲೋ!” “ನೀನು ನನ್ನಪ್ಪನ್ ಫೋಟೋ ಅಳಿಸ್ಲಿಲ್ವಾ!” ಟಿಯೋರಾದವರೂ ಝೆಂಟಾದವರೂ ಪಕ್ಷಭೇದ ಮರೆತು ಒಬ್ಬರನ್ನೊಬ್ಬರು ಅಳಿಸಿದರು. ಮಧ್ಯಾಹ್ನದ ಹೊತ್ತಿಗೆ ಕಗ್ಗಲಿಕೊಪ್ಪಲಿನ ಎಲ್ಲ ಫೋನುಗಳೂ ಅಂಗಡಿಯಿಂದ ಬಂದ ದಿನಕ್ಕಿಂತ ಖಾಲಿಯಾಗಿದ್ದವು.

ಗುರುಮಲ್ಲಪ್ಪನವರು ನಿಟ್ಟುಸಿರು ಬಿಟ್ಟು, “ನ್ಯಾಯ ಮುಗೀತು,” ಎಂದರು. ಆಮೇಲೆ ತಲೆಯೆತ್ತಿ ನೋಡಿದರು. ಮೆಟ್ಟಿಲ ಕೆಳಗೆ ಯಾರೂ ಇರಲಿಲ್ಲ. ಊರಾಚೆ, ಬ್ಯಾರನ್ನಿನ ಚಿಮಣಿಯಿಂದ ಹೊಗೆ ಏಳುತ್ತಿತ್ತು.

ಊರೆಲ್ಲ ಓಡಿತು. ಒಲೆಯ ಬಾಯಿ ತೆರೆದಿತ್ತು, ಸೌದೆ ಉರಿಯುತ್ತಿತ್ತು. ಎರಡು ಬೀಗಗಳೂ ಬಾಯಿ ಬಿಟ್ಟುಕೊಂಡು ನೆಲದ ಮೇಲೆ ಬಿದ್ದಿದ್ದವು. ಒಲೆಯ ಮುಂದೆ ಮರಮ್ಮ ಹಾರೆ ಊರಿಕೊಂಡು ನಿಂತಿದ್ದಳು. ಅವಳ ಹಿಂದೆ ಕೇರಿಯ ಹೆಂಗಸರು ಸೌದೆ ಸೀಳುತ್ತಿದ್ದರು.

“ನಮ್ ಬೀಗ!” ಎಂದು ಅಣ್ಣತಮ್ಮಂದಿರಿಬ್ಬರೂ ಒಂದೇ ಉಸಿರಿನಲ್ಲಿ ಕೂಗಿದರು.

ಅಣ್ಣತಮ್ಮಂದಿರಿಬ್ಬರನ್ನೂ ಸೇರಿಸಿದ ‘ನಮ್ಮ’ ಎಂಬ ಮಾತು ಆ ಮನೆತನದಲ್ಲಿ ಭಾಗವಾದ ಮೇಲೆ ಕೇಳಿಬಂದದ್ದು ಅದೇ ಮೊದಲು. ಯಜಮಾನರ ನ್ಯಾಯದಿಂದ ಆಗದ, ಸುನಂದಮ್ಮನ ಬೈಗುಳದಿಂದ ಆಗದ ಐಕಮತ್ಯ ಇಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಆಯಿತು. ಅದಕ್ಕೆ ಬೇಕಾಗಿದ್ದದ್ದು ಇಷ್ಟೇ: ಕೇರಿಯ ಹೆಂಗಸೊಬ್ಬಳ ಕೈಯಲ್ಲಿ ಹಾರೆ.

“ಕೇರಿಯೋಳು ಗೌಡ್ರ ಬೀಗಕ್ಕೆ ಹಾರೆ ಹಾಕವ್ಳೆ! ನೋಡ್ಲಾ ಕಂಠ!” ಎಂದ ಜವರಪ್ಪ.

“ಸುಮ್ನೆ ಬುಡಬಾರ್ದು ಅಣ್ಣ! ಸಾಕ್ಷಿಗೆ ಫೋಟೋ ತಗಿ! ನಂದ್ರಲ್ಲೂ ತಗೀತೀನಿ!” ಎಂದ ಕಂಠಪ್ಪ. ಆಮೇಲೆ ಹಾರೆಯನ್ನು ದಿಟ್ಟಿಸಿ, “ಅಯ್ಯೋ, ಇದು ನಮ್ಮನೆ ಹಾರೆ! ಯಾರ್ ಕೊಟ್ಟೋರು?” ಎಂದ.

“ನಾನೇ,” ಎಂದಳು ಸುನಂದಮ್ಮ, ಸೌದೆಯ ರಾಶಿಯ ಪಕ್ಕದಿಂದ. “ಸೌದೇನೂ ನಾನೇ ಕೊಟ್ಟೆ. ಏನೀಗ?”

ಕಂಠಪ್ಪ ಹೆಂಡತಿಗೆ ಬೆನ್ನು ತಿರುಗಿಸಿದ. ಫೋನು ಎತ್ತಿದ. ಅತ್ತ ಜವರಪ್ಪನೂ ಎತ್ತಿದ. ಕಿತ್ತಳೆ ಒಂದು, ನೀಲಿ ಒಂದು, ಹೆಗಲಿಗೆ ಹೆಗಲು ತಾಗಿಸಿ.

ಮರಮ್ಮ ಮುಖ ಮುಚ್ಚಿಕೊಳ್ಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಾರೆಯನ್ನು ಇನ್ನೊಂದು ಕೈಗೆ ಬದಲಾಯಿಸಿ, ನೇರವಾಗಿ ಎರಡು ಫೋನುಗಳನ್ನೂ ನೋಡಿದಳು.

“ತಗೀರಿ. ಚೆನ್ನಾಗ್ ತಗೀರಿ. ಬೀಗಾನೂ ಬರ್ಲಿ, ಒಲೆ ಬೆಂಕೀನೂ ಬರ್ಲಿ. ಒಬ್ರು ತೆಗೆದ್ರೆ ಎಲ್ರ ಮನೇಗೂ ಹೋಯ್ತದಂತಲ್ಲ. ಹೋಗ್ಲಿ.”

ಎರಡು ಫೋನುಗಳೂ ಒಂದೇ ಸದ್ದು ಮಾಡಿದವು. ಅಲ್ಲಿ ನಿಂತಿದ್ದವರ ಜೇಬುಗಳಲ್ಲಿ, ಖಾಲಿಯಾಗಿದ್ದ ಫೋನುಗಳಿಗೆ, ಮರಮ್ಮ ಬಂದಳು.

“ಸಾರ್, ಬರ್ಕಳಿ ಕಂಪ್ಲೇಂಟು!” ಎಂದರು ಅಣ್ಣತಮ್ಮಂದಿರು.

ಗುರುಸ್ವಾಮಿ ತಮ್ಮ ಫೋನಿನಲ್ಲಿ ಬಂದ ಚಿತ್ರವನ್ನು ಬಹಳ ಹೊತ್ತು ನೋಡಿದರು. “ಬರ್ಕೋತೀನಿ. ಬೀಗ ಮುರಿದ್ಲು ಅಂತ ಬರ್ಕೋತೀನಿ. ಸೊಪ್ಪು ಒಳಗಿರುವಾಗ ಬೀಗ ಯಾಕ್ ಜಡಿದ್ರಿ ಅಂತ್ಲೂ ಬರ್ಕೋತೀನಿ. ಯಾವುದ್ ಮೊದ್ಲು ಬರೀಲಿ ಹೇಳಿ.”

ಅಣ್ಣತಮ್ಮಂದಿರು ಫೋನುಗಳನ್ನು ಜೇಬಿಗೆ ಹಾಕಿಕೊಂಡರು. ಕಂಪ್ಲೇಂಟು ಆಗಲಿಲ್ಲ.

ಸೊಪ್ಪು ಇಳಿಸಿದ ದಿನ ಕೆಳಗಿನ ಸಾಲುಗಳು ಚಿನ್ನದ ಬಣ್ಣಕ್ಕೆ ಬಂದಿದ್ದವು. ಮೇಲಿನ ಸಾಲುಗಳು ಕಪ್ಪಾಗಿದ್ದವು. ಮರಮ್ಮ ಕಪ್ಪು ಕಡ್ಡಿಗಳನ್ನು ಒಂದೊಂದಾಗಿ ಹೊತ್ತು ತಂದು ಜವರಪ್ಪ, ಕಂಠಪ್ಪ ಇಬ್ಬರ ಮನೆಯ ಮುಂದೆಯೂ ಒರಗಿಸಿ, “ಇಷ್ಟಕ್ಕೆ ಹಳದಿ ಕೊಡಿ,” ಎಂದಳು. ಬೇರೆ ಕಾಲದಲ್ಲಾದರೆ ಆ ಮಾತಿಗೆ ಏನಾಗುತ್ತಿತ್ತೋ ಊರಿಗೆ ಗೊತ್ತು. ಈಗ ಅವರು ಕೊಟ್ಟರು. ಒಳ್ಳೆಯ ಮನಸ್ಸಿನಿಂದ ಕೊಟ್ಟರೆಂದು ಬರೆದರೆ ಓದುಗರು ನಗುತ್ತಾರೆ. ತಾವು ಜಡಿದ ಬೀಗಗಳ ಸಮೇತ ಆ ಚಿತ್ರ ಎಲ್ಲರ ಹತ್ತಿರವೂ ಇತ್ತು, ಅದಕ್ಕೆ ಕೊಟ್ಟರು.

ಅದನ್ನು ಅಳಿಸಬಹುದಲ್ಲ ಎಂದು ಕೇಳಬಹುದು. ಒಬ್ಬ ಅಳಿಸಿದರೆ ಸಾಕಿತ್ತು. ಜವರಪ್ಪನಿಗೆ ಅದು, ಒಲೆಗೆ ಬೀಗ ಜಡಿದದ್ದು ತಮ್ಮ ಎಂಬುದಕ್ಕೆ ಸಾಕ್ಷಿ. ಕಂಠಪ್ಪನಿಗೆ ಅದು, ದೊಡ್ಡ ಬೀಗ ಹಾಕಿದ್ದು ಅಣ್ಣ ಎಂಬುದಕ್ಕೆ ಸಾಕ್ಷಿ. ಗುರುಮಲ್ಲಪ್ಪನವರು ಇನ್ಯಾರಾದರೂ ಅಳಿಸಲಿ ಎಂದು ಕಾಯುತ್ತಿದ್ದಾರೆ. ಉಳಿದವರೂ ಹಾಗೇ ಕಾಯುತ್ತಿದ್ದಾರೆ. ಬೇರೆ ಬೇರೆ ಖಾತೆ ಮಾಡಿಕೊಡುತ್ತೇನೆ ಬನ್ನಿ ಎಂದು ಗೌರೀಶ ಎರಡೂ ಬಾಗಿಲಲ್ಲಿ ನಿಂತು ಕರೆದರೂ, ಮೊದಲು ಹೋದವನೇ ಕಳ್ಳ ಎಂದಾದೀತೆಂದು ಯಾರೂ ಹೋಗಿಲ್ಲ.

ಹಾಗಾಗಿ ಕಗ್ಗಲಿಕೊಪ್ಪಲಿನಲ್ಲಿ ಈಗ ಯಾರೂ ಚಿತ್ರ ತೆಗೆಯುವುದಿಲ್ಲ. ಬೆಳಿಗ್ಗೆ ಎದ್ದು ಯಾರ ಫೋನು ತೆರೆದರೂ ಒಂದೇ ಚಿತ್ರ: ಹಾರೆ ಹಿಡಿದ ಮರಮ್ಮ, ಹಿಂದೆ ಬೆಂಕಿ. ಟಿಯೋರಾದಲ್ಲಿ ಅವಳ ಸೀರೆ ಕೊಂಚ ಕೆಂಪಗೆ ಕಾಣುತ್ತದೆ, ಝೆಂಟಾದಲ್ಲಿ ಕೊಂಚ ನೀಲಿಗೆ. ಯಾವುದು ಸರಿಯಾದ ಬಣ್ಣ ಎಂದು ಅರಳಿಕಟ್ಟೆಯ ಎರಡು ಕಡೆಯವರೂ ಇನ್ನೂ ವಾದಿಸುತ್ತಾರೆ. ಅವಳು ನೋಡುತ್ತಿರುವುದು ಯಾರನ್ನು ಎಂಬ ಬಗ್ಗೆ ಮಾತ್ರ ಯಾರೂ ವಾದಿಸುವುದಿಲ್ಲ.